ಹೆಣ್ಣು ದುಂಬಿಯ ಪಾಲಿನ ಕತೆ

ಹೈದರಾಬಾದಿನಿಂದ ಮುಂಬೈ ಹೆದ್ದಾರಿ ಹಿಡಿದು ಹೊರಟರೆ ಊರಿನ ಗದ್ದಲ ಕಡಿಮೆಯಾಗುವ ಹೊತ್ತಿಗೆ ಪಟಾನ್‌ಚೆರು ಸಿಗುತ್ತದೆ. 1972ರಲ್ಲಿ ಅಲ್ಲಿ ಶುರುವಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಮಳೆ ಕಡಿಮೆ ಬೀಳುವ ಸೀಮೆಯ ಬೆಳೆಗಳಿಗೆ ಮೀಸಲಾದದ್ದು: ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ. ಈ ಸೀಮೆಯ ಶೇಂಗಾ ರೈತರಿಗೆ ಗೊಣ್ಣೆಹುಳುವಿನ ಕಾಟ ಹೊಸದೇನಲ್ಲ. ಹಸಿರಾಗಿ ನಿಂತಿದ್ದ ಗಿಡ ಇದ್ದಕ್ಕಿದ್ದಂತೆ ಬಾಡುತ್ತದೆ. ಹಿಡಿದು ಜಗ್ಗಿದರೆ ಬೇರೇ ಇಲ್ಲದೆ ಕೈಗೆ ಬರುತ್ತದೆ. ಮಣ್ಣು ಕೆದಕಿದರೆ ಬಿಳಿ ಮೈಯ, ಕಂದು ತಲೆಯ, ಬಾಗಿ ಮುರುಟಿಕೊಂಡ ಹುಳು ಸಿಗುತ್ತದೆ. ಅದು ಬೆಳೆದು ದೊಡ್ಡದಾದಾಗ ಕಂದು ಬಣ್ಣದ ದುಂಬಿ. ಮುಂಗಾರಿಗೆ ಮುಂಚಿನ ಮೊದಲ ಹದಮಳೆ ಬಿದ್ದ ಸಂಜೆ ಅದು ನೆಲದಿಂದೆದ್ದು, ಬದುವಿನ ಬೇವು, ಬೋರೆ, ಜಾಲಿ ಮರಗಳಿಗೆ ಹಾರಿ, ಎಲೆ ತಿಂದು, ಜೊತೆ ಹುಡುಕಿ ಕೂಡಿ, ಬೆಳಗಾಗುವುದರೊಳಗೆ ಮತ್ತೆ ಮಣ್ಣು ಸೇರುತ್ತದೆ. ವರ್ಷಕ್ಕೆ ಒಂದೇ ಪೀಳಿಗೆ. ಮುಂದಿನ ವರ್ಷದ ಹುಳುಗಳೆಲ್ಲ ಈ ಕೆಲವು ಸಂಜೆಗಳ ಫಲ.

1990ರ ದಶಕದ ಕೊನೆಯ ವರ್ಷಗಳಲ್ಲಿ ಇಕ್ರಿಸ್ಯಾಟ್‌ನ ಕೀಟತಜ್ಞರು ಆಸ್ಟ್ರೇಲಿಯದ ಸಂಶೋಧಕರ ಜೊತೆಗೂಡಿ ದಕ್ಷಿಣ ಭಾರತದ ಶೇಂಗಾ ಹೊಲಗಳಲ್ಲಿ ಈ ಹುಳುಗಳ ಬೆನ್ನುಹತ್ತಿದರು. ದಖ್ಖನ್ನಿನ ನಡುಭಾಗದಲ್ಲಿ ಹೆಚ್ಚಾಗಿ ಸಿಕ್ಕಿದ್ದು ಹೊಲೊಟ್ರೈಕಿಯಾ ರೇನಾಡಿ ಎಂಬ ಪ್ರಭೇದ. ಪಶ್ಚಿಮಕ್ಕೆ ಸರಿದಂತೆ ಅದರ ದಾಯಾದಿ ಹೊಲೊಟ್ರೈಕಿಯಾ ಸೆರೇಟಾ. 2002ರಲ್ಲಿ ಎ. ವಾರ್ಡ್, ವಿ. ಅನಿತಾ, ಜೆ. ವೈಟ್‌ಮನ್ ಮತ್ತು ಸಂಗಡಿಗರು, ರೇನಾಡಿಯ ಹೆಣ್ಣು ಯಾವ ವಾಸನೆ ಬಿಟ್ಟು ಗಂಡನ್ನು ಕರೆಯುತ್ತದೆ ಎಂಬುದನ್ನು ಪ್ರಕಟಿಸಿದರು. ಹೆಣ್ಣಿನ ಹೊಟ್ಟೆಯ ಗ್ರಂಥಿಗಳಿಂದ ತೆಗೆದ ಸಾರದಲ್ಲಿದ್ದ ರಾಸಾಯನಿಕಗಳ ಪೈಕಿ ಇಂಡೋಲ್, ಫೀನಾಲ್, ಅನಿಸೋಲ್ ಮೂರನ್ನು ಬೇರೆಬೇರೆಯಾಗಿಯೂ ಬೆರಸಿಯೂ ಹೊಲದಲ್ಲಿಟ್ಟು ನೋಡಿದರು. ಗಂಡುಗಳು ಬಂದದ್ದು ಅನಿಸೋಲ್‌ಗೆ. ಅದಕ್ಕೆ ಇಂಡೋಲ್ ಸೇರಿಸಿದರೆ ಲಾಭವಿಲ್ಲ. ಫೀನಾಲ್ ಸೇರಿಸಿದರೆ ಬರುವ ಗಂಡುಗಳೇ ಕಡಿಮೆಯಾಗುತ್ತಿದ್ದವು. 

ಇದರಲ್ಲಿ ಅಚ್ಚರಿಯ ಸಂಗತಿಯೆಂದರೆ ರಾಜಸ್ಥಾನ, ಗುಜರಾತಿನ ಕಡೆ ಹೊಲ ಹಾಳುಮಾಡುವ ಹೊಲೊಟ್ರೈಕಿಯಾ ಕಾನ್‌ಸಾಂಗ್ವಿನಿಯಾದ ಹೆಣ್ಣು ಕೂಡ ಇದೇ ಅನಿಸೋಲ್ ಬಿಟ್ಟು ಗಂಡನ್ನು ಕರೆಯುತ್ತದೆ. ಅದು 1996ರಲ್ಲೇ ಗೊತ್ತಾಗಿತ್ತು. ಈ ಗುಂಪಿನ ದುಂಬಿಗಳಲ್ಲಿ ಎರಡು ಪ್ರಭೇದಗಳು ಒಂದೇ ವಾಸನೆಯನ್ನು ಹಂಚಿಕೊಂಡಿರುವುದು ಕಂಡದ್ದು ಅದೇ ಮೊದಲು. ಕರೆಯುವ ವಾಸನೆ ಒಂದೇ, ಹೊರಮೈಯ ಬಣ್ಣ, ಆಕಾರಗಳಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ತೀರ ಕಡಿಮೆ. ಹಾಗಿದ್ದೂ ಇವು ಎರಡು ಪ್ರಭೇದ ಎಂದು ತಜ್ಞರು ಗಟ್ಟಿಯಾಗಿ ಹೇಳುವುದು ಗಂಡಿನ ಜನನಾಂಗವನ್ನು ಹೊರತೆಗೆದು ನೋಡಿ.

ಆ ಕೆಲಸ ನಡೆಯುವುದು ಹೀಗೆ. ಪಿನ್ನಿಗೆ ಚುಚ್ಚಿ ಒಣಗಿಸಿಟ್ಟ ದುಂಬಿಯನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಬಿಟ್ಟರೆ ಮೈ ಮೆತ್ತಗಾಗುತ್ತದೆ. ಸೂಕ್ಷ್ಮದರ್ಶಕದ ಕೆಳಗಿಟ್ಟು, ಹೊಟ್ಟೆಯ ಕೊನೆಯ ಸಂದಿನಲ್ಲಿ ಸಣ್ಣ ಚಿಮಟ ತೂರಿಸಿ ಮೆಲ್ಲಗೆ ಎಳೆದರೆ ಒಂದು ಕಂದು ಕೊಳವೆ ಹೊರಬರುತ್ತದೆ. ಅಂಟಿಕೊಂಡ ಸ್ನಾಯು, ಕೊಬ್ಬು ಕರಗಿಹೋಗಲೆಂದು ಅದನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹಾಕಿಡುತ್ತಾರೆ. ತೊಳೆದು ಗ್ಲಿಸರಿನ್ ಹನಿಯಲ್ಲಿಟ್ಟಾಗ ರಚನೆ ಬಿಡಿಬಿಡಿಯಾಗಿ ಕಾಣುತ್ತದೆ: ಬುಡದಲ್ಲಿ ಗಟ್ಟಿ ಕೊಳವೆ, ಅದರ ತುದಿಗೆ ಎಡಬಲ ಎರಡು ಗಡಸು ಹಾಳೆ, ಒಳಗೆ ಮಡಚಿ ಕೂತ ತೆಳುಪೊರೆಯ ಚೀಲ. ಮಿಲನದ ಹೊತ್ತಿಗೆ ರಕ್ತದ ಒತ್ತಡದಿಂದ ಈ ಚೀಲ ಒಳಕ್ಕೆ ಮಡಚಿದ ಅಂಗಿಯ ತೋಳನ್ನು ಹೊರಕ್ಕೆ ತಿರುವಿದ ಹಾಗೆ ಹೆಣ್ಣಿನೊಳಗೆ ಬಿಚ್ಚಿಕೊಳ್ಳುತ್ತದೆ. ಅದರ ಮೇಲೆ ಮುಳ್ಳು, ಕೊಕ್ಕೆ, ಹುರುಪೆಗಳಿರಬಹುದು. ಪ್ರಭೇದದಿಂದ ಪ್ರಭೇದಕ್ಕೆ ಅವುಗಳ ಆಕಾರ, ಸಂಖ್ಯೆ, ಜಾಗ ಬದಲಾಗುತ್ತವೆ. ಡೇವಿಡ್ ಶಾರ್ಪ್ ಮತ್ತು ಫ್ರೆಡರಿಕ್ ಮ್ಯೂರ್ ಎಂಬ ಇಬ್ಬರು 1912ರಲ್ಲಿ ದುಂಬಿಗಳ ಕುಟುಂಬ ಕುಟುಂಬಗಳನ್ನೇ ಹೀಗೆ ಬಿಚ್ಚಿ ಚಿತ್ರ ಬರೆದು ಲಂಡನ್ನಿನಲ್ಲಿ ಪ್ರಕಟಿಸಿದ ಮೇಲೆ ದುಂಬಿಗಳ ವರ್ಗೀಕರಣದ ದಾರಿಯೇ ಬದಲಾಯಿತು. ಈಗ ಹೊಸ ಪ್ರಭೇದವೊಂದನ್ನು ವರ್ಣಿಸುವವರು ಗಂಡಿನ ಅಂಗದ ಚಿತ್ರವಿಲ್ಲದೆ ಲೇಖನ ಕಳಿಸುವುದು ಅಪರೂಪ.

ಹೆಣ್ಣು ಸಿಕ್ಕರೆ? ಅಲ್ಲೇ ತೊಡಕು. ಹೆಣ್ಣಿನ ಒಳಾಂಗ ಬಹುಪಾಲು ಮೃದು. ದ್ರಾವಣದಲ್ಲಿ ಹಾಕಿದರೆ ಅರ್ಧಕ್ಕರ್ಧ ಕರಗಿಹೋಗುತ್ತದೆ, ಉಳಿದದ್ದು ಆಕಾರ ಕಳೆದುಕೊಳ್ಳುತ್ತದೆ, ಚಿತ್ರ ಬರೆಯುವುದಕ್ಕೂ ಅಳೆಯುವುದಕ್ಕೂ ಸುಲಭವಾಗಿ ಒದಗುವುದಿಲ್ಲ. ಹಾಗಾಗಿ ನೂರು ವರ್ಷಕ್ಕೂ ಹೆಚ್ಚು ಕಾಲ ದುಂಬಿಗಳ ಮಿಲನದ ಶಾಸ್ತ್ರವೆಂದರೆ ಗಂಡಿನ ಅಂಗದ ಶಾಸ್ತ್ರವೇ ಆಗಿತ್ತು. ಈ ಅಭ್ಯಾಸ ಹೆಸರಿಡುವ ಕೆಲಸಕ್ಕೆ ಅನುಕೂಲವಾಯಿತು ನಿಜ. ಆದರೆ ಅಂಗಗಳು ಯಾಕೆ ಹೀಗೆ ಬದಲಾದವು ಎಂದು ಅರ್ಥಮಾಡಿಕೊಳ್ಳುವ ಕೆಲಸಕ್ಕೆ ಅದರಿಂದ ದೊಡ್ಡ ಹಾನಿಯಾಗಿದೆ ಎಂಬುದು ನನ್ನ ನಂಬಿಕೆ. ಅದಕ್ಕೆ ಹೈದರಾಬಾದಿನ ಕಾಳುಕಡಿಯ ಅಂಗಡಿಗಳಲ್ಲೇ ಸಾಕ್ಷಿಯಿದೆ. ಅಲ್ಲಿಗೆ ಹೋಗುವ ಮೊದಲು ಹಳೆಯ ಒಂದು ವಾದವನ್ನು ನೋಡಬೇಕು.

ಫ್ರಾನ್ಸಿನ ಲಿಯೋನ್ ಡ್ಯುಫೂರ್ 1844ರಲ್ಲಿ ಹೇಳಿದ್ದು ಬೀಗ–ಕೀಲಿಯ ವಾದ. ಒಂದು ಪ್ರಭೇದದ ಗಂಡಿನ ಅಂಗ ಅದೇ ಪ್ರಭೇದದ ಹೆಣ್ಣಿಗೆ ಮಾತ್ರ ಹೊಂದುತ್ತದೆ, ಬೇರೆಯದಕ್ಕೆ ಹೊಂದುವುದಿಲ್ಲ, ಹೀಗೆ ಕುಲ ಕಲಬೆರಕೆಯಾಗದೆ ಉಳಿಯುತ್ತದೆ ಎಂದು. ಕೇಳಲು ಸರಿಯೆನಿಸುವ ಮಾತು, ಕೆಲವು ಕಡೆ ನಿಜವೂ ಹೌದು. ಜಪಾನಿನ ನೆಲದುಂಬಿಗಳ ಒಂದು ಗುಂಪಿನಲ್ಲಿ ಗಂಡಿನ ಅಂಗಕ್ಕೆ ಗಡಸು ಕೊಕ್ಕೆಯೊಂದಿದೆ, ಹೆಣ್ಣಿನಲ್ಲಿ ಅದು ಕೂರುವಷ್ಟೇ ಜಾಗದ ಸಣ್ಣ ಚೀಲವಿದೆ. ತೇಜಿ ಸೋಟಾ ಮತ್ತು ಕೋಹೇ ಕುಬೋಟಾ 1998ರಲ್ಲಿ ತೋರಿಸಿದಂತೆ, ಪಕ್ಕದ ಪ್ರಭೇದದ ಜೊತೆ ಕೂಡಿದಾಗ ಗಂಡಿನ ಕೊಕ್ಕೆ ಮುರಿಯುತ್ತದೆ, ಹೆಣ್ಣಿನ ಒಳಪೊರೆ ಹರಿಯುತ್ತದೆ, ಕೆಲವು ಹೆಣ್ಣುಗಳು ಸಾಯುತ್ತವೆ. ಅಲ್ಲಿ ಬೀಗವೂ ಇದೆ, ಕೀಲಿಯೂ ಇದೆ.

ನಮ್ಮ ಗೊಣ್ಣೆಹುಳುವಿಗೆ ಇದೇ ಅಳತೆ ಹಿಡಿದು ನೋಡಿ. ರೇನಾಡಿ ದಕ್ಷಿಣದ್ದು, ಕಾನ್‌ಸಾಂಗ್ವಿನಿಯಾ ಮುಖ್ಯವಾಗಿ ಉತ್ತರದ್ದು. ದಾರಿ ತಪ್ಪಿ ಒಂದರ ಮೇಲೊಂದು ಬೀಳುವ ಸಂದರ್ಭವೇ ವಿರಳ. ಅದಕ್ಕೇ ಇರಬೇಕು, ಒಂದೇ ವಾಸನೆ ಇಟ್ಟುಕೊಂಡರೂ ಎರಡಕ್ಕೂ ನಷ್ಟವಾಗಿಲ್ಲ. ಹಾಗಿದ್ದ ಮೇಲೆ ಬೀಗ ಬದಲಿಸುವ ಅಗತ್ಯವೇನಿತ್ತು? ಎಂದೂ ಎದುರಾಗದ ಪ್ರಭೇದಗಳ ಅಂಗಗಳೂ ಬೇರೆಬೇರೆಯಾಗಿವೆ, ದ್ವೀಪಗಳಲ್ಲಿ ಒಂಟಿಯಾಗಿ ಬದುಕುವವುಗಳಲ್ಲೂ ಹಾಗೆಯೇ. 1985ರಲ್ಲಿ ವಿಲಿಯಂ ಎಬರ್‌ಹಾರ್ಡ್ ಈ ಪ್ರಶ್ನೆಯನ್ನಿಟ್ಟುಕೊಂಡು ಒಂದು ಇಡೀ ಪುಸ್ತಕ ಬರೆದರು. ಹೆಣ್ಣು ಹಲವು ಗಂಡುಗಳ ಜೊತೆ ಕೂಡುತ್ತದೆ, ಯಾರ ವೀರ್ಯವನ್ನು ಉಳಿಸಿಕೊಳ್ಳಬೇಕು, ಯಾರದನ್ನು ಬಿಡಬೇಕು ಎಂಬ ಆಯ್ಕೆ ಅವಳ ಮೈಯೊಳಗೆ ನಡೆಯುತ್ತದೆ, ಗಂಡಿನ ಅಂಗದ ಬೆಡಗೆಲ್ಲ ಆ ಆಯ್ಕೆಯನ್ನು ಗೆಲ್ಲುವುದಕ್ಕೆ ಎಂದು ಅವರ ವಾದ. ಸ್ವೀಡನ್ನಿನ ಯೊರಾನ್ ಆರ್ನ್‌ಕ್ವಿಸ್ಟ್ 1998ರಲ್ಲಿ ಲೆಕ್ಕ ಹಾಕಿ ನೋಡಿದರು: ಹೆಣ್ಣು ಒಂದಕ್ಕಿಂತ ಹೆಚ್ಚು ಗಂಡುಗಳ ಜೊತೆ ಕೂಡುವ ಕೀಟಗುಂಪುಗಳಲ್ಲಿ, ಒಂದೇ ಸಲ ಕೂಡುವ ಗುಂಪುಗಳಿಗಿಂತ, ಗಂಡಿನ ಅಂಗದ ಆಕಾರ ಎರಡು ಪಟ್ಟಿಗೂ ಹೆಚ್ಚು ಕವಲೊಡೆದಿತ್ತು. ಬೀಗ–ಕೀಲಿಯ ವಾದದಿಂದ ಈ ಲೆಕ್ಕವನ್ನು ಬಿಡಿಸಲಾಗದು.

ಇನ್ನು ಬೇಗಂಬಜಾರ್. ಮೂಸಿ ನದಿಯ ಬಡಗಣ ದಂಡೆಗೆ ಹತ್ತಿರದ ಈ ಪೇಟೆ ಹೈದರಾಬಾದಿನ ಸಗಟು ದಿನಸಿಯ ಹಳೆಯ ಕೇಂದ್ರ. ಕಲಬುರ್ಗಿ, ಬೀದರ್, ರಾಯಚೂರು ನಿಜಾಮನ ರಾಜ್ಯದಲ್ಲಿದ್ದ ಕಾಲದಿಂದ ಕನ್ನಡ ಸೀಮೆಯ ಕಾಳಿಗೆ ಈ ಊರಿನ ನಂಟಿದೆ. ಕಲಬುರ್ಗಿಯ ತೊಗರಿಗೆ 2019ರಲ್ಲಿ, ಗಡಿಯಾಚೆ ಸೇಡಂಗೆ ಹತ್ತಿರವೇ ಇರುವ ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ಬಂತು. ತೊಗರಿ, ಹೆಸರು, ಅಲಸಂದೆ ಎಲ್ಲೆಲ್ಲಿ ಮೂಟೆಯಲ್ಲಿ ಕೂರುತ್ತವೋ ಅಲ್ಲೆಲ್ಲ ಕಾಳಿನ ಹುಳು ಬರುತ್ತದೆ. ಅಕ್ಕಿಯ ಮೂತಿಹುಳುವಿನ ಮಾತಲ್ಲ ಇದು. ಬೇಳೆಕಾಳಿಗೇ ಬೀಳುವ, ಮೂರು ನಾಲ್ಕು ಮಿಲಿಮೀಟರಿನ, ಮೈಮೇಲೆ ಕಪ್ಪು ಮಚ್ಚೆಯ ದುಂಬಿ. ಶಾಸ್ತ್ರದ ಹೆಸರು ಕ್ಯಾಲೊಸೊಬ್ರೂಕಸ್. ಚೈನೆನ್ಸಿಸ್ ಎಂಬ ಪ್ರಭೇದಕ್ಕೆ 1758ರಲ್ಲಿ ಲಿನೇಯಸ್ಸೇ ಹೆಸರಿಟ್ಟ. ಮ್ಯಾಕ್ಯುಲೇಟಸ್ ಎಂಬುದಕ್ಕೆ 1775ರಲ್ಲಿ ಅವನ ಶಿಷ್ಯ ಫ್ಯಾಬ್ರಿಸಿಯಸ್.

ಒಂದು ಹಿಡಿ ಹೆಸರುಕಾಳನ್ನು ಬೆಳಕಿಗೆ ಹಿಡಿದು ನೋಡಿದರೆ ಈ ಹುಳುವಿನ ಬಾಳು ಪೂರ್ತಿ ಕಾಣುತ್ತದೆ. ಹಸಿರು ಸಿಪ್ಪೆಯ ಮೇಲೆ ಅಂಟಿಕೊಂಡ ಬಿಳಿ ಚುಕ್ಕೆ ಅದರ ಮೊಟ್ಟೆ. ಮೊಟ್ಟೆಯೊಳಗಿನ ಮರಿ ತಳದಿಂದಲೇ ಸಿಪ್ಪೆ ಕೊರೆದು ಕಾಳಿನೊಳಕ್ಕೆ ಇಳಿಯುತ್ತದೆ, ಕೊರೆದ ಪುಡಿ ಹಿಂದೆ ಖಾಲಿ ಮೊಟ್ಟೆಯಲ್ಲಿ ತುಂಬಿಕೊಳ್ಳುವುದರಿಂದ ಚುಕ್ಕೆ ಇನ್ನಷ್ಟು ಬೆಳ್ಳಗಾಗುತ್ತದೆ. ಒಳಗೇ ತಿಂದು ಬೆಳೆದು ಕೋಶವಾಗಿ, ಮೂರು ನಾಲ್ಕು ವಾರಕ್ಕೆ ಒಂದು ದುಂಡು ಕಿಟಕಿ ಕತ್ತರಿಸಿ ದುಂಬಿಯಾಗಿ ಹೊರಬೀಳುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಊಟ ಬೇಡ, ನೀರು ಸಿಗದಿದ್ದರೂ ಬದುಕುತ್ತದೆ. ಉಳಿದ ಒಂದೆರಡು ವಾರದ ಆಯುಸ್ಸಿನಲ್ಲಿ ಕೂಡುವುದು, ಮೊಟ್ಟೆಯಿಡುವುದು ಎರಡೇ ಕೆಲಸ. ಪ್ರಯೋಗಾಲಯದವರಿಗೆ ಇಂಥ ಜೀವಿ ಸಿಗುವುದು ಭಾಗ್ಯ. ಒಂದು ಗಾಜಿನ ಬಾಟಲಿ, ಒಂದಿಷ್ಟು ಕಾಳು ಇದ್ದರೆ ಸಾಕು, ತಲೆಮಾರಿನ ಮೇಲೆ ತಲೆಮಾರು ಬೆಳೆಯುತ್ತವೆ. ಜಗತ್ತಿನ ಹಲವು ವಿಶ್ವವಿದ್ಯಾಲಯಗಳು ಇಂದಿಗೂ ಸಾಕುತ್ತಿರುವ ಒಂದು ಹೆಸರಾಂತ ತಳಿ ದಕ್ಷಿಣ ಭಾರತದ್ದೇ. 1979ರಲ್ಲಿ ತಮಿಳುನಾಡಿನ ತಿರುನಲ್ವೇಲಿಯಲ್ಲಿ ಹುಳು ಬಿದ್ದ ಹೆಸರು, ಉದ್ದಿನ ಕಾಯಿಗಳಿಂದ ಆರಿಸಿ ಅಮೆರಿಕಕ್ಕೆ ಒಯ್ದದ್ದು.

ಈ ದುಂಬಿಯ ಗಂಡಿನ ಅಂಗದ ತುದಿಯಲ್ಲಿ ಗಡಸು ಮುಳ್ಳುಗಳಿವೆ. ಸೂಕ್ಷ್ಮದರ್ಶಕದ ಚಿತ್ರದಲ್ಲಿ ನೋಡಿದವರು ಮರೆಯುವಂತಿಲ್ಲ. ನಾಲ್ಕೂ ಕಡೆ ಚೂಪಾಗಿ ಎದ್ದ ಮುಳ್ಳುಗಳ ಗೊಂಚಲು. ಇಂಗ್ಲೆಂಡಿನ ಹೆಲೆನ್ ಕ್ರಡ್ಜಿಂಗ್ಟನ್ ಮತ್ತು ಮೈಕ್ ಶಿವಜ್ಯೋತಿ 2000ದಲ್ಲಿ ಈ ಮುಳ್ಳು ಏನು ಮಾಡುತ್ತದೆಂದು ಹೆಣ್ಣಿನ ಒಳಗೆ ನೋಡಿದರು. ಕೂಡಿದ ಹೆಣ್ಣುಗಳ ಜನನನಾಳದ ಗೋಡೆಯಲ್ಲಿ ತೂತುಗಳಿದ್ದವು, ಗಾಯ ಮಾಗಿ ಕಪ್ಪುಗಟ್ಟಿದ ಕಲೆಗಳಿದ್ದವು. ಮಿಲನದ ಕೊನೆಕೊನೆಗೆ ಹೆಣ್ಣು ಹಿಂಗಾಲಿನಿಂದ ಗಂಡನ್ನು ಜೋರಾಗಿ ಒದೆಯುತ್ತದೆ. ಒದೆಯಲಾಗದಂತೆ ಮಾಡಿದಾಗ ಮಿಲನ ಹೆಚ್ಚು ಹೊತ್ತು ನಡೆಯಿತು, ಗಾಯವೂ ಹೆಚ್ಚಾಯಿತು. ಎರಡು ಸಲ ಕೂಡಿದ ಹೆಣ್ಣು ಒಂದು ಸಲ ಕೂಡಿದ್ದಕ್ಕಿಂತ ಬೇಗ ಸತ್ತಿತು.

ಗಂಡಿಗೆ ಇದರಿಂದೇನು ಸಿಗುತ್ತದೆ? ಹೆಣ್ಣನ್ನು ನೋಯಿಸಿದರೆ ಅವನ ಮಕ್ಕಳಿಗೇ ನಷ್ಟವಲ್ಲವೇ? ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಆರ್ನ್‌ಕ್ವಿಸ್ಟ್ ಅವರ ತಂಡ 2012ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಅವರು ಕೆಲವು ಗಂಡುಗಳ ಮುಳ್ಳಿನ ತುದಿಯನ್ನು ಲೇಸರ್ ಕಿರಣದಿಂದ ಸವರಿದರು. ಮೂರು ಮಿಲಿಮೀಟರಿನ ಹುಳುವಿನ ಅಂಗದ ತುದಿಯಲ್ಲಿರುವ ಮುಳ್ಳಿನ ತುದಿಯನ್ನು ಜೀವಕ್ಕೆ ತೊಂದರೆಯಾಗದಂತೆ ಕತ್ತರಿಸಬೇಕೆಂದರೆ ಎಂಥ ಕೈ ಇರಬೇಕು! ಮತ್ತೊಂದು ಕಡೆ, ಉದ್ದ ಮುಳ್ಳಿನ, ಗಿಡ್ಡ ಮುಳ್ಳಿನ ತಳಿಗಳನ್ನೇ ಆಯ್ದು ಬೆಳೆಸಿದರು. ಎರಡರಲ್ಲೂ ಉತ್ತರ ಒಂದೇ. ಉದ್ದ ಮುಳ್ಳಿನ ಗಂಡು ಎದುರಾಳಿಗಿಂತ ಹೆಚ್ಚು ಮೊಟ್ಟೆಗಳಿಗೆ ತಂದೆಯಾಗುತ್ತಾನೆ. ಮುಳ್ಳು ತೆರೆದ ದಾರಿಯಲ್ಲಿ ಅವನ ವೀರ್ಯದ್ರವದ ಅಂಶಗಳು ಹೆಣ್ಣಿನ ರಕ್ತಕ್ಕೆ ಸೇರುತ್ತವೆ. ಹೆಣ್ಣಿಗಾಗುವ ಗಾಯ ಇದರ ಜೊತೆಗೆ ಬರುವ ಹಾನಿ. ಅವಳ ಆಯುಸ್ಸು ತಗ್ಗಿದರೂ ಗಂಡಿಗೆ ಸಿಗುವ ಪಾಲು ಹೆಚ್ಚಾದರೆ ಆ ಮುಳ್ಳು ಮುಂದಿನ ತಲೆಮಾರಿಗೆ ದಾಟುತ್ತದೆ. ಜೀವವಿಕಾಸಕ್ಕೆ ದಯೆಯ ಲೆಕ್ಕ ಗೊತ್ತಿಲ್ಲ, ಸಂತಾನದ ಲೆಕ್ಕವಷ್ಟೇ ಗೊತ್ತು ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ಇನ್ನೊಂದು ಉದಾಹರಣೆಯನ್ನು ನಾನು ಓದಿಲ್ಲ.

ಈ ಸ್ಪರ್ಧೆಯನ್ನೇ ತೆಗೆದುಹಾಕಿದರೆ ಮುಳ್ಳು ಏನಾಗುತ್ತದೆ? 2011ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ಒಂದು ಹೆಣ್ಣಿಗೆ ಒಂದೇ ಗಂಡು ಎಂಬ ಕಟ್ಟಳೆಯಲ್ಲಿ ಇದೇ ಹುಳುವನ್ನು 20ರ ಆಸುಪಾಸಿನ ತಲೆಮಾರುಗಳವರೆಗೆ ಸಾಕಿದರು. ಮುಳ್ಳು ಗಿಡ್ಡವಾಯಿತು. ತಿಂಗಳಿಗೊಂದು ತಲೆಮಾರಿನ ಈ ಹುಳುವಿಗೆ ಅದು ಎರಡು ವರ್ಷವೂ ಅಲ್ಲ. ಅಂಗಗಳ ವಿಕಾಸಕ್ಕೆ ಲಕ್ಷಾಂತರ ವರ್ಷ ಬೇಕೆಂದುಕೊಂಡವರು ಗಮನಿಸಬೇಕಾದ ವೇಗ ಇದು.

ಇಷ್ಟರವರೆಗೂ ಹೆಣ್ಣು ಪೆಟ್ಟು ತಿನ್ನುವ ಪಾತ್ರವಾಗಿಯೇ ಉಳಿದಿದ್ದಾಳೆ. ಬಹಳ ಕಾಲ ಈ ಕತೆಯನ್ನು ಹೀಗೇ ಹೇಳಿ ಮುಗಿಸುತ್ತಿದ್ದರು. ಆದರೆ ಅವಳ ಕಡೆಯಿಂದ ನೋಡಿದಾಗ ಚಿತ್ರ ಬೇರೆ. ಒಂದು ಸಲ ಕೂಡಿದರೆ ಸಾಕು, ವೀರ್ಯವನ್ನು ತನ್ನ ಮೈಯೊಳಗಿನ ವೀರ್ಯಕೋಶದಲ್ಲಿ ಕಾದಿಟ್ಟು ಅವಳು ಬದುಕಿನ ಮೊಟ್ಟೆಗಳಿಗೆಲ್ಲ ಹಂಚಬಲ್ಲಳು. ಹಾಗಿದ್ದೂ ಇಷ್ಟು ನೋವಿನ ಕೆಲಸಕ್ಕೆ ಮತ್ತೆ ಯಾಕೆ ಒಪ್ಪುತ್ತಾಳೆ? ಮಾರ್ಟಿನ್ ಎಡ್ವರ್ಡ್ಸನ್ 2007ರಲ್ಲಿ ಕಂಡುಕೊಂಡ ಉತ್ತರ ನಮ್ಮ ದಖ್ಖನ್ನಿನ ಬೇಸಿಗೆಯಲ್ಲಿ ಬದುಕಿದವರಿಗೆ ಕೂಡಲೇ ಅರ್ಥವಾಗುತ್ತದೆ: ಬಾಯಾರಿಕೆ. ಒಣ ಕಾಳಿನ ಮೂಟೆಯಲ್ಲಿ ಹನಿ ನೀರಿಲ್ಲ. ಗಂಡು ಒಂದು ಸಲಕ್ಕೆ ಬಿಡುವ ದ್ರವ ಅವನ ಮೈತೂಕದ ನೂರಕ್ಕೆ 5ರಷ್ಟನ್ನು ಮೀರಬಲ್ಲದು, ಅದರಲ್ಲಿ ಹೆಚ್ಚಿನ ಪಾಲು ನೀರು. ಕುಡಿಯಲು ನೀರಿಟ್ಟ ಹೆಣ್ಣುಗಳು ಮತ್ತೆ ಕೂಡಲು ಅಷ್ಟು ಆಸಕ್ತಿ ತೋರಿಸಲಿಲ್ಲ, ನೀರಿಲ್ಲದವು ತೋರಿಸಿದವು. ಅವಳಿಗೆ ಅವಳ ಲೆಕ್ಕಾಚಾರವಿದೆ, ಅದು ಅವಳಿರುವ ಮೂಟೆಯ ಒಣಗಾಳಿಗೆ ತಕ್ಕಂತೆ ಬದಲಾಗುತ್ತದೆ.

ಇನ್ನೂ ಮುಖ್ಯವಾದದ್ದು ಅವಳ ಒಳಗೋಡೆ. ಆರ್ನ್‌ಕ್ವಿಸ್ಟ್ ಅವರ ತಂಡವೇ 2007ರಲ್ಲಿ ಕಾಳಿನ ದುಂಬಿಗಳ ಹಲವು ಪ್ರಭೇದಗಳನ್ನು ಹೋಲಿಸಿ, ಗಂಡಿನ ಮುಳ್ಳು ಹೆಚ್ಚು ಹಾನಿಕರವಾದಂತೆಲ್ಲ ಹೆಣ್ಣಿನ ನಾಳದ ಗೋಡೆಯೂ ಗಟ್ಟಿಯಾಗಿರುವುದನ್ನು ತೋರಿಸಿತು. ಹತ್ತು ವರ್ಷದ ನಂತರ, ಪರ್ತ್ ನಗರದ ವಿಶ್ವವಿದ್ಯಾಲಯದಲ್ಲಿ ಲಿಯಾಮ್ ಡೊಹರ್ಟಿ, ಲೀ ಸಿಮನ್ಸ್ ಮತ್ತಿತರರು ಒಂದೇ ಪ್ರಭೇದದ ಬೇರೆಬೇರೆ ದೇಶದ ತಳಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಎಲ್ಲಿ ಮುಳ್ಳು ಉದ್ದವೋ ಅಲ್ಲಿ ಹೆಣ್ಣಿನ ಗೋಡೆ ದಪ್ಪ. ಗೋಡೆ ದಪ್ಪವಿದ್ದ ಹೆಣ್ಣಿಗೆ ಗಾಯ ಕಡಿಮೆ. ಗಂಡು ಒಂದು ಹೆಜ್ಜೆ ಮುಂದಿಟ್ಟರೆ ಹೆಣ್ಣೂ ಒಂದು ಹೆಜ್ಜೆ ಇಡುತ್ತಾಳೆ. ಕಾಳಿನ ಮೂಟೆಯಲ್ಲಿ ನಡೆಯುತ್ತಿರುವ ಈ ಪೈಪೋಟಿಯಲ್ಲಿ ಇಬ್ಬರೂ ಆಡುವವರೇ. ಮುಳ್ಳನ್ನು ಮಾತ್ರ ಅಳೆದು ಗೋಡೆಯನ್ನು ಅಳೆಯದಿದ್ದವರಿಗೆ ಅದು ಕಾಣಲು ಸಾಧ್ಯವೇ ಇರಲಿಲ್ಲ.

2014ರಲ್ಲಿ ಮೂವರು ವಿಜ್ಞಾನಿಗಳು, ಮಲಿನ್ ಆಕಿಂಗ್, ಆಂಡ್ರ್ಯೂ ಬ್ಯಾರನ್, ಮರಿ ಹರ್ಬರ್‌ಸ್ಟೈನ್, ಹಿಂದಿನ 25 ವರ್ಷಗಳ ಸಂಶೋಧನಾ ಲೇಖನಗಳನ್ನು ತೆಗೆದು ಎಣಿಸಿದರು. ಜನನಾಂಗಗಳ ವಿಕಾಸದ ಬಗೆಗಿನ ಬರಹಗಳಲ್ಲಿ ಗಂಡಿನ ಮೇಲಷ್ಟೇ ಬರೆದವು ಬಹಳ, ಹೆಣ್ಣಿನ ಮೇಲಷ್ಟೇ ಬರೆದವು ತೀರ ಕಡಿಮೆ, ಕಾಲ ಕಳೆದಂತೆ ಈ ಅಸಮತೋಲ ಸರಿಹೋಗುವ ಸೂಚನೆಯೂ ಇರಲಿಲ್ಲ. ಹೆಣ್ಣಿನ ಅಂಗ ಮೃದು, ಅಧ್ಯಯನ ಕಷ್ಟ ಎಂಬ ಸಬೂಬು ಮಾತ್ರ ಇದಕ್ಕೆ ಸಾಲದು ಎಂದು ಅವರು ಬರೆದರು. ಹೆಣ್ಣು ಬದಲಾಗದೆ ನಿಂತಿರುವವಳು, ಚಲನೆಯೆಲ್ಲ ಗಂಡಿನದು ಎಂಬ ಮನುಷ್ಯರ ಪೂರ್ವಗ್ರಹವೂ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಕೂತಿತ್ತು. ನಾನು ಇದನ್ನು ಒಪ್ಪುತ್ತೇನೆ. ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರದ ಪ್ರಾಯೋಗಿಕ ಪುಸ್ತಕಗಳಲ್ಲಿ ಹೆಣ್ಣು ಕೀಟದ ಚಿತ್ರಕ್ಕೆ ಎಷ್ಟು ಪುಟ ಕೊಟ್ಟಿದ್ದಾರೆಂದು ನೋಡಿದರೆ ಸಾಕು.

ಎಲ್ಲ ದುಂಬಿಗಳ ಬಾಳು ಹೀಗೆ ಜಗಳದ್ದಲ್ಲ. ಪಟಾನ್‌ಚೆರುವಿನಲ್ಲಿ ತೊಗರಿ ಹೂ ಬಿಟ್ಟಾಗ ಕಪ್ಪು ಮೈಗೆ ಕಿತ್ತಳೆ ಪಟ್ಟೆಯ ಒಂದು ದುಂಬಿ ಗುಂಪುಗೂಡಿ ಬಂದು ಹೂವನ್ನೆಲ್ಲ ತಿಂದುಹಾಕುತ್ತದೆ. ಬರಿಗೈಯಲ್ಲಿ ಹಿಡಿದರೆ ಅದರ ಮೈಯಿಂದ ಒಸರುವ ಹಳದಿ ದ್ರವ ತಗುಲಿ ಚರ್ಮದ ಮೇಲೆ ಬೊಬ್ಬೆ ಏಳುತ್ತದೆ. ಇದೇ ಬಳಗದ ದುಂಬಿಗಳನ್ನು ಯುನಾನಿ ವೈದ್ಯರು ತೇಲಿನಿ ಮಖ್ಖಿ ಎಂಬ ಹೆಸರಿನಲ್ಲಿ ಔಷಧಕ್ಕೆ ಬಳಸುತ್ತ ಬಂದಿದ್ದಾರೆ. ಬೊಬ್ಬೆ ಏಳಿಸುವ ವಿಷ ಕ್ಯಾಂಥರಿಡಿನ್. ಇದರ ಯುರೋಪಿನ ಬಂಧುವಿನಲ್ಲಿ 1970ರ ದಶಕದಲ್ಲೇ ಕಂಡಂತೆ, ಗಂಡು ಆ ವಿಷವನ್ನು ಮಿಲನದ ಹೊತ್ತಿನಲ್ಲಿ ಹೆಣ್ಣಿಗೆ ಕೊಡುತ್ತದೆ, ಹೆಣ್ಣು ಅದನ್ನು ಮೊಟ್ಟೆಗಳಿಗೆ ಸವರುತ್ತದೆ, ಶತ್ರುಗಳು ಮೊಟ್ಟೆಯ ತಂಟೆಗೆ ಬರುವುದಿಲ್ಲ. ಬೆಂಕಿಬಣ್ಣದ ಇನ್ನೊಂದು ದುಂಬಿಯಲ್ಲಿ ಗಂಡು ಎಲ್ಲಿಂದಲೋ ಈ ವಿಷ ತಿಂದು ಬಂದು ತಲೆಯ ಮೇಲಿನ ಗುಳಿಯಲ್ಲಿಟ್ಟುಕೊಂಡಿರುತ್ತದೆ. ಹೆಣ್ಣು ಮೊದಲು ಅದರ ರುಚಿ ನೋಡಿ, ವಿಷ ಇದ್ದರೆ ಮಾತ್ರ ಒಪ್ಪುತ್ತದೆ. ಅಮೆರಿಕದ ಥಾಮಸ್ ಐಸ್ನರ್ ಮತ್ತು ಸಂಗಡಿಗರು 1996ರಲ್ಲಿ ಇದನ್ನು ತೋರಿಸಿದರು. ಇಲ್ಲಿ ಆಯ್ಕೆ ಹೊರಗೇ, ಎಲ್ಲರ ಕಣ್ಣೆದುರೇ ನಡೆಯುತ್ತದೆ.

ಮನೆಯ ಗೋಧಿಹಿಟ್ಟಿನ ಡಬ್ಬಿಯಲ್ಲಿ ಓಡಾಡುವ ಕೆಂಪು ಹುಳುವಿನ ಕತೆ ಇನ್ನೊಂದು ಬಗೆ. ಅದರ ಗಂಡಿನ ಅಂಗದ ಮೇಲೂ ಸಣ್ಣ ಮುಳ್ಳುಗಳಿವೆ, ಹಿಂದೆ ಕೂಡಿದ್ದವನ ವೀರ್ಯ ಅವುಗಳಿಗೆ ಸಿಕ್ಕಿಕೊಂಡು ಹೊರಬರುತ್ತದೆ. ಬೆಲ್ಜಿಯಂನ ಎರಿಕ್ ಹಾಬ್ರೂಜ್ ತಂಡ 1999ರಲ್ಲಿ ಕಂಡದ್ದೇನೆಂದರೆ, ಹಾಗೆ ಸಿಕ್ಕಿಕೊಂಡ ವೀರ್ಯ ಅದೇ ಗಂಡು ಮುಂದೆ ಕೂಡುವ ಹೆಣ್ಣಿಗೆ ದಾಟಿ, ಆ ಹೆಣ್ಣು ಎಂದೂ ಕೂಡದ ಗಂಡಿನ ಮರಿಗಳನ್ನು ಹಡೆಯುವುದೂ ಉಂಟು. ಬೇಲಿಯ ಬಳ್ಳಿಗಳ ಮೇಲೆ ಕಾಣುವ ಆಮೆದುಂಬಿಗಳ ಬಂಧುಗಳಲ್ಲಿ ಕೆಲವು ಗಂಡುಗಳಿಗೆ ಮೈಗಿಂತ ಉದ್ದದ, ದಾರದಷ್ಟು ಸಣ್ಣ ತಂತು ಇರುತ್ತದೆ. ಹೆಣ್ಣಿನ ನಾಳವೂ ಸುರುಳಿ ಸುರುಳಿಯಾಗಿ ಅಷ್ಟೇ ಉದ್ದ. ಇಷ್ಟು ಸಣ್ಣ ತಂತು ಮಡಚಿಕೊಳ್ಳದೆ ಸುರುಳಿಯೊಳಗೆ ಹೇಗೆ ನುಗ್ಗುತ್ತದೆ? ಬುಡ ಗಡಸು, ತುದಿ ಮೆತ್ತಗೆ ಇರುವುದರಿಂದ ಎಂದು ಜರ್ಮನಿಯ ಕೀಲ್ ವಿಶ್ವವಿದ್ಯಾಲಯದವರು 2017ರಲ್ಲಿ ವಿವರಿಸಿದರು. ನಾಳದ ಆ ಸುರುಳಿಯನ್ನು ಮೊದಲು ಹಾಕಿದವಳು ಹೆಣ್ಣೋ, ತಂತು ಉದ್ದವಾದದ್ದಕ್ಕೆ ಅವಳು ಸುರುಳಿ ಹಾಕಿದಳೋ ಎಂಬ ಪ್ರಶ್ನೆಯನ್ನು ಬಿಡಿಸಲು ಎರಡನ್ನೂ ಒಟ್ಟಿಗೆ ಅಳೆಯಲೇಬೇಕು.

ಹೈದರಾಬಾದಿನಲ್ಲಿ ಹೆಣ್ಣು ದುಂಬಿಯ ಒಳಾಂಗದ ಈ ವಿವರಗಳಿಗೆ ದಿನನಿತ್ಯದ ಬೆಲೆಯೂ ಇದೆ. ಇಕ್ರಿಸ್ಯಾಟ್‌ನ ಬೀಜಭಂಡಾರದಲ್ಲಿ 1 ಲಕ್ಷ 20 ಸಾವಿರಕ್ಕೂ ಹೆಚ್ಚು ತಳಿಗಳ ಮಾದರಿಗಳಿವೆ. ಬೇಗ ಬೇಕಾಗುವ ಬೀಜ 4 ಡಿಗ್ರಿಯಲ್ಲಿ, ದೀರ್ಘಕಾಲಕ್ಕೆ ಇಡುವಂಥದ್ದು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಕೋಣೆಯಲ್ಲಿ. ಅಲ್ಲಿಂದ ಹೊರದೇಶಕ್ಕೆ ಹೋಗುವ, ಹೊರಗಿನಿಂದ ಅಲ್ಲಿಗೆ ಬರುವ ಕಾಳು ರಾಜೇಂದ್ರನಗರದಲ್ಲಿರುವ ರಾಷ್ಟ್ರೀಯ ಸಸ್ಯ ತಳಿಸಂಪನ್ಮೂಲ ಸಂಸ್ಥೆಯ ಕೇಂದ್ರದಲ್ಲಿ ತಪಾಸಣೆಯಾಗಬೇಕು. ಸಿಪ್ಪೆಯ ಮೇಲೆ ಮೊಟ್ಟೆಯ ಗುರುತು ಇಲ್ಲದ ಕಾಳಿನೊಳಗೂ ಹುಳು ಇರಬಹುದು. ಮೂಟೆ ಬಡಿದು ಕುಲುಕಿದಾಗ ಖಾಲಿ ಮೊಟ್ಟೆ ಉದುರಿಹೋಗುತ್ತದೆ, ಒಳಗೆ ಇಳಿದ ಮರಿಯ ದ್ವಾರ ಕಣ್ಣಿಗೆ ಕಾಣದಷ್ಟು ಸಣ್ಣದು. ಅದಕ್ಕೇ ಕಾಳುಗಳನ್ನು ತಟ್ಟೆಯಲ್ಲಿ ಹರಡಿ ಎಕ್ಸ್‌ರೇ ಹಿಡಿಯುತ್ತಾರೆ, ಟೊಳ್ಳಾದದ್ದು ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಒಂದು ಕಂತೆಯಲ್ಲಿ ಬದುಕಿ ಉಳಿದ ಗಂಡು ಒಂಟಿಯಾದರೆ ಅಪಾಯವಿಲ್ಲ, ಇನ್ನೂ ಕೂಡದ ಹೆಣ್ಣು ಒಂಟಿಯಾದರೂ ಇಲ್ಲ. ಒಂದೇ ಸಲ ಕೂಡಿದ, ವೀರ್ಯಕೋಶ ತುಂಬಿಕೊಂಡ ಒಂದು ಹೆಣ್ಣು ದಾಟಿದರೆ ಮಾತ್ರ ಆಚೆಯ ದೇಶದಲ್ಲಿ ಗಂಡಿನ ಹಂಗಿಲ್ಲದೆ ನೂರರ ಹತ್ತಿರ ಮೊಟ್ಟೆಯಿಡಬಲ್ಲದು, ಒಂದೊಂದು ಕಾಳಿಗೆ ಒಂದೊಂದರಂತೆ.